ಎಣಿಕೆಗೆ ಅನುಮಾನ ಸೇರಿದಾಗ

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರವನ್ನು ಒಂದು ವಿಷಯವಾಗಿ ಓದುತ್ತಿದ್ದಾಳೆ. ಒಂದು ಪುಸ್ತಕ ಜರ್ಮನಿಯ ಅಖೆನ್‌ವಾಲ್ ಅವರನ್ನು ಈ ಶಾಸ್ತ್ರದ ಪಿತಾಮಹ ಎನ್ನುತ್ತದೆ, ಇನ್ನೊಂದು ಆ ಬಿರುದನ್ನು ಇಂಗ್ಲೆಂಡಿನ ಫಿಷರ್ ಅವರಿಗೆ ಕೊಡುತ್ತದೆ. ಕೌಟಿಲ್ಯನ ಕಾಲದಲ್ಲೇ ಇದು ನಮ್ಮಲ್ಲಿತ್ತು ಎಂದೂ ಕೇಳಿದ್ದೇನೆ. ಈ ಶಾಸ್ತ್ರ ನಿಜವಾಗಿ ಎಲ್ಲಿ, ಹೇಗೆ ಹುಟ್ಟಿತು? ಇದು ಗಣಿತದ ಒಂದು ಶಾಖೆಯೇ, ಅಥವಾ ಸರ್ಕಾರಿ ಲೆಕ್ಕಪತ್ರದ ಮುಂದುವರಿಕೆಯೇ?

ಉತ್ತರ: ನೀವು ಹೇಳಿದ ಮೂರು ಹೆಸರುಗಳೂ ತಪ್ಪಲ್ಲ, ಆದರೆ ಅವು ಮೂರು ಬೇರೆ ಬೇರೆ ಸಂಗತಿಗಳಿಗೆ ಸಂಬಂಧಪಟ್ಟವು. ಕೌಟಿಲ್ಯನ ಹೆಸರು ಬರುವುದು ಎಣಿಕೆಯ ವಿಚಾರದಲ್ಲಿ, ಅಖೆನ್‌ವಾಲ್ ಅವರದು ಶಾಸ್ತ್ರದ ಹೆಸರಿನ ವಿಚಾರದಲ್ಲಿ, ಫಿಷರ್ ಅವರದು ಇಂದು ತರಗತಿಯಲ್ಲಿ ಕಲಿಸುವ ವಿಧಾನಗಳ ವಿಚಾರದಲ್ಲಿ. ಇವರ ನಡುವೆ, ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುವ ನಾಲ್ಕನೆಯ ಹೆಸರೊಂದಿದೆ: ಲಂಡನ್ನಿನ ವ್ಯಾಪಾರಿ ಜಾನ್ ಗ್ರಾಂಟ್. ಶಾಸ್ತ್ರ ಹುಟ್ಟಿದ ಜಾಗವನ್ನು ತೋರಿಸಿ ಎಂದರೆ ನಾನು ತೋರಿಸುವುದು ಅವರ ಅಂಗಡಿಯನ್ನು. ಏಕೆಂದು ವಿವರಿಸಲು ಕನ್ನಡದ ಒಂದು ಪದ ಬಹಳ ನೆರವಿಗೆ ಬರುತ್ತದೆ. 'ಅನುಮಾನ' ಎಂದರೆ ಮನೆಮಾತಿನಲ್ಲಿ ಸಂಶಯ; ತರ್ಕಶಾಸ್ತ್ರದಲ್ಲಿ ಅದೇ ಪದಕ್ಕೆ, ಹೊಗೆಯನ್ನು ಕಂಡು ಬೆಂಕಿಯನ್ನು ಅರಿಯುವಂತೆ, ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಬಗೆ ಎಂಬ ಅರ್ಥ. ಬರೆದಿಟ್ಟ ಲೆಕ್ಕವನ್ನು ಮೊದಲ ಅರ್ಥದಲ್ಲಿ ಅನುಮಾನಿಸಿ, ಆ ಲೆಕ್ಕದಿಂದಲೇ ಎರಡನೆಯ ಅರ್ಥದ ಅನುಮಾನವನ್ನು ಕಟ್ಟುವ ವಿದ್ಯೆಯೇ ಸಂಖ್ಯಾಶಾಸ್ತ್ರ ಎಂದು ನಾನು ತಿಳಿದಿದ್ದೇನೆ. ಹೆಸರಿನ ಅಕ್ಷರಗಳನ್ನು ಕೂಡಿಸಿ ಭವಿಷ್ಯ ಹೇಳುವುದನ್ನೂ ಪತ್ರಿಕೆಗಳು ಇದೇ ಹೆಸರಿನಿಂದ ಕರೆಯುವುದರಿಂದ, ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಆರಂಭದಲ್ಲೇ ಹೇಳಿಬಿಡುತ್ತೇನೆ.

ಎಣಿಕೆ ಬಹಳ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ 'ಗೋಪ' ಎಂಬ ಅಧಿಕಾರಿಯ ಕರ್ತವ್ಯಗಳ ವಿವರವಿದೆ. ಐದೋ ಹತ್ತೋ ಹಳ್ಳಿಗಳ ಹೊಣೆ ಹೊತ್ತ ಅವನು ಹಳ್ಳಿಯ ಎಲ್ಲೆ, ಹೊಲಗದ್ದೆ, ತೆರಿಗೆ ಕೊಡುವ ಮತ್ತು ಕೊಡದ ಮನೆಗಳು, ಮನೆಯಲ್ಲಿರುವ ಗಂಡಸರು, ಹೆಂಗಸರು, ಮಕ್ಕಳು, ಮುದುಕರು, ಅವರ ಕಸುಬು, ಆದಾಯ, ವೆಚ್ಚ, ದನಕರು ಎಲ್ಲವನ್ನೂ ಬರೆದಿಡಬೇಕು. ಆಮೇಲೆ ಗೃಹಸ್ಥರ ವೇಷದ ಗೂಢಚಾರರು ಅವೇ ಹಳ್ಳಿಗಳಿಗೆ ಹೋಗಿ ಹೊಲ, ಮನೆ, ಕುಟುಂಬಗಳ ಲೆಕ್ಕವನ್ನು ಮತ್ತೆ ತೆಗೆದು ತಾಳೆ ನೋಡಬೇಕು. ಇಂದು ಜನಗಣತಿ ಮುಗಿದ ಮೇಲೆ ಕೆಲವು ಭಾಗಗಳಲ್ಲಿ ಮರುಸಮೀಕ್ಷೆ ನಡೆಸುವುದನ್ನು ಬಲ್ಲವರಿಗೆ ಈ ಏರ್ಪಾಟಿನ ಜಾಣತನ ಕೂಡಲೇ ತಿಳಿಯುತ್ತದೆ. ಆದರೂ ಇದರ ಗುರಿ ಯಾವ ಮನೆಯೂ ಲೆಕ್ಕದಿಂದ ತಪ್ಪಿಸಿಕೊಳ್ಳಬಾರದು ಎಂಬುದಷ್ಟೇ. ಹತ್ತು ಹಳ್ಳಿ ನೋಡಿ ನೂರು ಹಳ್ಳಿಗಳ ಬಗ್ಗೆ ಏನು ಹೇಳಬಹುದು, ಎಷ್ಟು ಧೈರ್ಯವಾಗಿ ಹೇಳಬಹುದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಶಾನುಭೋಗರ ಕಡತಗಳೂ, ನಮ್ಮ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದ ಮನೆಲೆಕ್ಕವೂ ಇದೇ ಬಗೆಯವು.

ಆ ಪ್ರಶ್ನೆಯ ಸುಳಿವು ಅರ್ಥಶಾಸ್ತ್ರಕ್ಕಿಂತ ಹೆಚ್ಚಾಗಿ ಸಿಗುವುದು ಮಹಾಭಾರತದ ನಳೋಪಾಖ್ಯಾನದಲ್ಲಿ. ರಥದಲ್ಲಿ ಹೋಗುತ್ತಿರುವಾಗ ಋತುಪರ್ಣ ರಾಜನು ಒಂದು ತಾರೆ ಮರವನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2,095 ಕಾಯಿಗಳೂ ಇವೆ ಎನ್ನುತ್ತಾನೆ. ಸಾರಥಿಯ ವೇಷದಲ್ಲಿದ್ದ ನಳನು ನಂಬದೆ ರಥ ನಿಲ್ಲಿಸಿ ಎಣಿಸಿ ನೋಡಿ ಬೆರಗಾಗುತ್ತಾನೆ. ಆಗ ರಾಜನು, ತಾನು ಪಗಡೆಯ ಹೃದಯವನ್ನು ಬಲ್ಲವನು, ಎಣಿಕೆಯಲ್ಲೂ ನಿಪುಣ ಎಂದು ಎರಡನ್ನೂ ಒಟ್ಟಿಗೆ ಹೇಳುತ್ತಾನೆ. ಜೂಜಿನ ದಾಳಕ್ಕೂ ಅಂದಾಜಿನ ಎಣಿಕೆಗೂ ನಂಟಿದೆ ಎಂದು ಆ ಕವಿಗೆ ಹೊಳೆದಿತ್ತು. ಆದರೆ ವಿಧಾನವೇನೆಂದು ಕತೆ ಹೇಳುವುದಿಲ್ಲ, ಮತ್ತು ವಿಧಾನವಿಲ್ಲದೆ ಶಾಸ್ತ್ರವಿಲ್ಲ.

ಈಗ ಲಂಡನ್ನಿಗೆ ಬರೋಣ. ಅಲ್ಲಿ ಪ್ಲೇಗಿನ ಭಯದಿಂದಾಗಿ ಪ್ರತಿ ವಾರ ಸತ್ತವರ ಪಟ್ಟಿಯನ್ನು ಅಚ್ಚುಹಾಕುವ ಪದ್ಧತಿ ಬೆಳೆದಿತ್ತು. 1603ರಿಂದ ಅದು ತಪ್ಪದೆ ನಡೆಯಿತು. ಒಂದು ಮನೆಯಲ್ಲಿ ಸಾವಾದರೆ ಚರ್ಚಿನ ಗಂಟೆ ಬಾರಿಸುತ್ತದೆ, ಅಥವಾ ಗೋರಿ ತೋಡುವವನಿಗೆ ಹೇಳಿಕಳುಹಿಸುತ್ತಾರೆ. ಆಗ ಪ್ರಮಾಣವಚನ ಮಾಡಿಸಿ ನೇಮಿಸಿದ್ದ ಮುದುಕಿಯರು ಬಂದು ಹೆಣವನ್ನು ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ, ಯಾವ ಕಾಯಿಲೆಯಿಂದ ಸಾವಾಯಿತೆಂದು ಚರ್ಚಿನ ಗುಮಾಸ್ತನಿಗೆ ತಿಳಿಸುತ್ತಾರೆ. ಮಂಗಳವಾರ ರಾತ್ರಿ ಎಲ್ಲ ಗುಮಾಸ್ತರ ಲೆಕ್ಕ ಒಂದು ಕಡೆ ಸೇರಿ, ಬುಧವಾರ ಅಚ್ಚಾಗಿ, ಗುರುವಾರ ಚಂದಾದಾರರ ಕೈಗೆ ಬರುತ್ತದೆ. ವರ್ಷದ ಚಂದಾ ನಾಲ್ಕು ಷಿಲ್ಲಿಂಗ್. ಕೊಂಡವರು ಅದನ್ನು ನೋಡುತ್ತಿದ್ದುದು ಈ ವಾರ ಪ್ಲೇಗ್ ಏರಿತೋ ಇಳಿಯಿತೋ, ಊರು ಬಿಡಬೇಕೋ ಬೇಡವೋ ಎಂದು ತಿಳಿಯಲು. ಅದಾದ ಮೇಲೆ ಆ ಹಾಳೆ ರದ್ದಿ.

ಜಾನ್ ಗ್ರಾಂಟ್ ಗುಂಡಿ, ದಾರ, ರಿಬ್ಬನ್ನುಗಳ ವ್ಯಾಪಾರಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಅವರು ಆ ಹಳೆಯ ಹಾಳೆಗಳನ್ನು ಕಲೆಹಾಕಿ, ವರ್ಷವರ್ಷದ ಕೋಷ್ಟಕಗಳನ್ನಾಗಿ ಜೋಡಿಸಿ, 1662ರಲ್ಲಿ ಅವುಗಳ ಮೇಲಿನ ತಮ್ಮ ಅವಲೋಕನಗಳನ್ನು ಒಂದು ಸಣ್ಣ ಪುಸ್ತಕವಾಗಿ ಪ್ರಕಟಿಸಿದರು. ತಾನು ಬಳಸಿದ್ದು ಅಂಗಡಿ ಲೆಕ್ಕದ ಗಣಿತ ಎಂದು ಅವರೇ ಬರೆದಿದ್ದಾರೆ. ಕೂಡುವುದು, ಕಳೆಯುವುದು, ಭಾಗಿಸುವುದು, ತ್ರೈರಾಶಿ: ಇದಕ್ಕಿಂತ ಹೆಚ್ಚಿನ ಗಣಿತ ಆ ಪುಸ್ತಕದಲ್ಲಿ ಬಹುಮಟ್ಟಿಗೆ ಇಲ್ಲ.

ಆದರೆ ಲೆಕ್ಕ ಮಾಡುವ ಮೊದಲು ಅವರು ಕೇಳಿದ ಪ್ರಶ್ನೆಗಳನ್ನು ನೋಡಿ. ಈ ಮುದುಕಿಯರ ಮಾತನ್ನು ಎಷ್ಟು ನಂಬಬಹುದು? ಉದಾಹರಣೆಗೆ, ಆಗ 'ಫ್ರೆಂಚ್ ರೋಗ' ಎನ್ನುತ್ತಿದ್ದ ಸಿಫಿಲಿಸ್‌ನಿಂದ ಸತ್ತವರು ಪಟ್ಟಿಯಲ್ಲಿ ಬಹಳ ಕಡಿಮೆ. ಅಷ್ಟು ವ್ಯಾಪಕವಾಗಿದ್ದ ರೋಗಕ್ಕೆ ಇಷ್ಟು ಕಡಿಮೆ ಸಾವೇ ಎಂದು ಗ್ರಾಂಟ್ ವಿಚಾರಿಸಿದರು. ಒಂದು ಲೋಟ ಬಿಯರ್ ಕುಡಿಸಿ, ಒಂದು ನಾಣ್ಯದ ಜಾಗದಲ್ಲಿ ಎರಡು ನಾಣ್ಯ ಕೈಗಿಟ್ಟರೆ ಆ ಮುದುಕಿಯರು ಅದನ್ನು ಕ್ಷಯವೆಂದು ಬರೆಸಿಬಿಡುತ್ತಾರೆ; ಎಲ್ಲರ ದ್ವೇಷಕ್ಕೆ ಗುರಿಯಾದವರೋ, ಮೂಗೇ ಕರಗಿಹೋದವರೋ ಆದರೆ ಮಾತ್ರ ನಿಜವಾದ ಹೆಸರು ಪಟ್ಟಿ ಸೇರುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಪ್ಲೇಗಿನ ಲೆಕ್ಕವನ್ನೂ ಅವರು ಹಾಗೆಯೇ ಪರೀಕ್ಷಿಸಿದರು. 1625ರಲ್ಲಿ ಪ್ಲೇಗಿನಿಂದ 35,417 ಜನ ಸತ್ತರೆಂದು ಪಟ್ಟಿ ಹೇಳುತ್ತದೆ. ಆದರೆ ಅದೇ ವರ್ಷ ಬೇರೆ ಕಾಯಿಲೆಗಳ ಸಾವೂ ಎಂದಿಗಿಂತ ಬಹಳ ಹೆಚ್ಚಾಗಿತ್ತು. ಬೇರೆ ಕಾಯಿಲೆಗಳೆಲ್ಲ ಅದೇ ವರ್ಷ ಒಟ್ಟಾಗಿ ಏಕೆ ಉಲ್ಬಣಿಸಬೇಕು? ಪ್ಲೇಗ್ ಎಂದು ಬರೆಸಿದರೆ ಮನೆಗೆ ಬೀಗ ಜಡಿಯುತ್ತಾರೆಂಬ ಹೆದರಿಕೆ ಜನರಿಗಿತ್ತು. ಆದ್ದರಿಂದ ಪಟ್ಟಿಯಲ್ಲಿ ತೋರಿಸಿದ್ದಕ್ಕಿಂತ ಪ್ಲೇಗಿನ ಸಾವು ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಹೆಚ್ಚು ಎಂದು ಅವರು ಅಂದಾಜು ಮಾಡಿದರು. ಸಾಮಾನ್ಯ ವರ್ಷಗಳ ಸಾವನ್ನು ಅಳತೆಗೋಲಾಗಿ ಇಟ್ಟುಕೊಂಡು, ಅದಕ್ಕಿಂತ ಹೆಚ್ಚಾದ ಸಾವಿನಿಂದ ಪಿಡುಗಿನ ನಿಜವಾದ ಬೆಲೆಯನ್ನು ಅರಿಯುವ ಈ ವಿಧಾನವನ್ನೇ ನಾವು ಕೋವಿಡ್ ಕಾಲದಲ್ಲೂ ಬಳಸಿದೆವು.

ಲಂಡನ್ನಿನಲ್ಲಿ ಎಷ್ಟು ಜನರಿದ್ದಾರೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅನುಭವಸ್ಥರೆನಿಸಿಕೊಂಡವರು ಹತ್ತಾರು ಲಕ್ಷಗಳ ಮಾತಾಡುತ್ತಿದ್ದರು. ಗ್ರಾಂಟ್ ಮನೆಮನೆಗೆ ಹೋಗಿ ಎಣಿಸುವ ಸ್ಥಿತಿಯಲ್ಲಿರಲಿಲ್ಲ. ಅವರ ಕೈಯಲ್ಲಿದ್ದುದು ಹುಟ್ಟುಸಾವಿನ ಪಟ್ಟಿ ಮಾತ್ರ. ವರ್ಷಕ್ಕೆ ಸುಮಾರು 12,000 ಹೆರಿಗೆ. ಹೆರುವ ವಯಸ್ಸಿನ ಹೆಂಗಸರು ಸರಾಸರಿ ಎರಡು ವರ್ಷಕ್ಕೊಮ್ಮೆ ಹೆರುತ್ತಾರೆಂದರೆ ಅಂಥವರು 24,000. ಕುಟುಂಬಗಳು ಅದಕ್ಕೆ ಇಮ್ಮಡಿ, ಅಂದರೆ 48,000. ಗಂಡ, ಹೆಂಡತಿ, ಮೂವರು ಮಕ್ಕಳು, ಆಳುಗಳೋ ಬಾಡಿಗೆಯವರೋ ಮೂವರು ಎಂದು ಮನೆಗೆ ಎಂಟು ಜನರನ್ನು ಹಿಡಿದರೆ 3,84,000. ಇಷ್ಟಕ್ಕೇ ನಿಂತಿದ್ದರೆ ಇದೊಂದು ಜಾಣ ಊಹೆಯಾಗಿ ಉಳಿಯುತ್ತಿತ್ತು. ಅವರು ನಿಲ್ಲಲಿಲ್ಲ. ಕೆಲವು ಕೇರಿಗಳಲ್ಲಿ ವಿಚಾರಿಸಿ, ಹನ್ನೊಂದು ಕುಟುಂಬಗಳಿಗೆ ವರ್ಷಕ್ಕೆ ಮೂರು ಸಾವು ಎಂದು ತಿಳಿದುಕೊಂಡರು. ಊರಿನ ಒಟ್ಟು ಸಾವು 13,000 ಆದ್ದರಿಂದ ಕುಟುಂಬಗಳು ಮತ್ತೆ ಸುಮಾರು 48,000. ಮೂರನೆಯದಾಗಿ, 1658ರ ಒಂದು ನಕಾಶೆಯ ಮೇಲೆ ನೂರು ಗಜದ ಚೌಕಗಳನ್ನು ಲೆಕ್ಕಹಾಕಿದರು. ಕೋಟೆಯ ಒಳಗೆ 220 ಚೌಕ, ಚೌಕಕ್ಕೆ 54 ಕುಟುಂಬ ಎಂದರೆ 11,880; ಕೋಟೆಯೊಳಗಿನ ಸಾವು ಒಟ್ಟು ಸಾವಿನ ಕಾಲುಭಾಗವಾದ್ದರಿಂದ ಇಡೀ ಊರಿಗೆ ಅದರ ನಾಲ್ಕರಷ್ಟು, ಅಂದರೆ 47,520. ಒಂದರ ತಪ್ಪು ಇನ್ನೊಂದಕ್ಕೆ ತಾಗದ ಮೂರು ದಾರಿಗಳಿಂದ ಹೊರಟು ಒಂದೇ ಊರನ್ನು ತಲುಪಿದರೆ ಆ ಉತ್ತರವನ್ನು ನಂಬಬಹುದು ಎಂಬ ಈ ತಿಳಿವಳಿಕೆಯನ್ನು ನಾನು ಇಂದಿಗೂ ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿ ಹೇಳಲು ಇಷ್ಟಪಡುತ್ತೇನೆ.

ಅವರ ಇನ್ನೊಂದು ಸಾಹಸವನ್ನು ನಿಮ್ಮ ಮಗಳು ಕಾಗದ ಪೆನ್ಸಿಲ್ ಹಿಡಿದು ತಾನೇ ಮಾಡಿ ನೋಡಬಹುದು. ಪಟ್ಟಿಗಳಲ್ಲಿ ಸತ್ತವರ ವಯಸ್ಸು ಇರುತ್ತಿರಲಿಲ್ಲ. ಅದು ಸೇರಿದ್ದು 1728ರಲ್ಲಿ. ಹಾಗಿದ್ದೂ ಮಕ್ಕಳ ಸಾವು ಎಷ್ಟೆಂದು ತಿಳಿಯಲು ಗ್ರಾಂಟ್ ಕಾಯಿಲೆಗಳ ಹೆಸರನ್ನೇ ಹಿಡಿದು ಹೋದರು. ಇಪ್ಪತ್ತು ವರ್ಷಗಳ 2,29,250 ಸಾವುಗಳಲ್ಲಿ, ಹಲ್ಲು ಬರುವಾಗಿನ ತೊಂದರೆ, ಬಾಲಗ್ರಹ, ರಿಕೆಟ್ಸ್ ಮೊದಲಾದ, ಶಿಶುಗಳಿಗೇ ಬರುವ ಕಾಯಿಲೆಗಳಿಂದ ಸತ್ತವರು 71,124. ಸಿಡುಬು, ದಡಾರ ಮುಂತಾದವುಗಳಿಂದ ಸತ್ತ 12,210 ಜನರಲ್ಲಿ ಅರ್ಧದಷ್ಟು ಆರು ವರ್ಷದೊಳಗಿನವರೆಂದು ಹಿಡಿದರು. ಒಟ್ಟು ಸಾವಿನಿಂದ ಪ್ಲೇಗಿನ ಸುಮಾರು 16,000ವನ್ನು ಕಳೆದು ಭಾಗಿಸಿದರೆ, ಹುಟ್ಟಿದ ನೂರು ಮಕ್ಕಳಲ್ಲಿ 36 ಆರು ತುಂಬುವ ಮೊದಲೇ ಸಾಯುತ್ತವೆ ಎಂದಾಯಿತು. ಉಳಿದ 64ರಲ್ಲಿ 16ನೆಯ ವಯಸ್ಸಿಗೆ 40, 26ಕ್ಕೆ 25, 36ಕ್ಕೆ 16, 46ಕ್ಕೆ 10, 56ಕ್ಕೆ 6, 66ಕ್ಕೆ 3, 76ಕ್ಕೆ ಒಬ್ಬರು ಬದುಕಿರುತ್ತಾರೆ ಎಂದು ಕೋಷ್ಟಕ ಹಾಕಿದರು. ಪ್ರತಿ ಸಂಖ್ಯೆಯನ್ನೂ ಐದರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಬಹುಮಟ್ಟಿಗೆ ಮುಂದಿನದು ಬರುತ್ತದೆ. ಎಂದರೆ ಆರರ ನಂತರದ ಸಂಖ್ಯೆಗಳು ದಾಖಲೆಯಿಂದ ಬಂದವಲ್ಲ, ಎರಡು ತುದಿಗಳ ನಡುವೆ ಒಂದೇ ಅನುಪಾತದಲ್ಲಿ ತುಂಬಿದವು. ಹದಿಹರೆಯದವರೂ ಮುದುಕರೂ ಒಂದೇ ದರದಲ್ಲಿ ಸಾಯುತ್ತಾರೆಂಬ ಈ ಊಹೆ ತಪ್ಪು. ಆದರೂ ಇದರಿಂದ ಗ್ರಾಂಟ್ ಅವರ ಹಿರಿಮೆ ಕುಂದುವುದಿಲ್ಲ. ಒಂದು ಊರಿನ ಬದುಕು ಸಾವನ್ನು ವಯಸ್ಸಿನ ಮೆಟ್ಟಿಲುಗಳಲ್ಲಿ ಜೋಡಿಸಿ ನೋಡಬಹುದೆಂದು ಮೊದಲು ಕಂಡವರು ಅವರು, ಮತ್ತು ಅದೇ ವರ್ಷ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1666ರ ಮಹಾ ಬೆಂಕಿಯಲ್ಲಿ ಮನೆ ಕಳೆದುಕೊಂಡ ಅವರು 1674ರಲ್ಲಿ ಬಡತನದಲ್ಲಿ ತೀರಿಕೊಂಡರು.

ಗ್ರಾಂಟ್ ಅವರ ಗೆಳೆಯ ವಿಲಿಯಂ ಪೆಟ್ಟಿ ಈ ಬಗೆಯ ವಿಚಾರಕ್ಕೆ 'ರಾಜಕೀಯ ಅಂಕಗಣಿತ' ಎಂದು ಹೆಸರಿಟ್ಟರು. ತಪ್ಪಾಗಿದ್ದ ಕೋಷ್ಟಕವನ್ನು ಸರಿಪಡಿಸಿದವರು ಧೂಮಕೇತುವಿನಿಂದಾಗಿ ನಮಗೆಲ್ಲ ಪರಿಚಿತರಾದ ಎಡ್ಮಂಡ್ ಹ್ಯಾಲಿ. ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ನಗರದ ಪಾದ್ರಿ ಕ್ಯಾಸ್ಪರ್ ನಾಯ್‌ಮನ್ ಸತ್ತವರ ವಯಸ್ಸನ್ನೂ ಬರೆದಿಟ್ಟಿದ್ದರು. 1687ರಿಂದ 1691ರವರೆಗಿನ ಆ ದಾಖಲೆಯಿಂದ ಹ್ಯಾಲಿ 1693ರಲ್ಲಿ ಹೊಸ ಕೋಷ್ಟಕ ರಚಿಸಿದರು. ಅದರ ಉಪಯೋಗ ಏನೆಂಬುದು ಕೂಡಲೇ ತಿಳಿಯಿತು. ಇಂಗ್ಲೆಂಡಿನ ಸರ್ಕಾರ ಆಗ ಯುದ್ಧದ ಖರ್ಚಿಗಾಗಿ ಜೀವಾವಧಿ ವರ್ಷಾಶನಗಳನ್ನು ಮಾರುತ್ತಿತ್ತು. ನೂರು ಪೌಂಡ್ ಕೊಟ್ಟರೆ ಬದುಕಿರುವವರೆಗೆ ವರ್ಷಕ್ಕೆ 14 ಪೌಂಡ್; ಕೊಳ್ಳುವವನು ಹತ್ತು ವರ್ಷದ ಹುಡುಗನಾದರೂ ಎಪ್ಪತ್ತರ ಮುದುಕನಾದರೂ ಬೆಲೆ ಒಂದೇ, ವರ್ಷಾಶನದ ಸುಮಾರು ಏಳರಷ್ಟು. ನೂರಕ್ಕೆ ಆರರ ಬಡ್ಡಿಯಲ್ಲಿ ಹುಡುಗನ ವರ್ಷಾಶನಕ್ಕೆ ಅದರ 13.44ರಷ್ಟು ಬೆಲೆ ಇರಬೇಕು, ಮುದುಕನದಕ್ಕೆ 5.32ರಷ್ಟು ಸಾಕು ಎಂದು ಹ್ಯಾಲಿ ತೋರಿಸಿದರು. ನಾವು ಇಂದು ಕಟ್ಟುವ ಪ್ರತಿ ವಿಮಾ ಕಂತಿನ ಹಿಂದೆಯೂ ಈ ಲೆಕ್ಕದ ಸಂತತಿ ಇದೆ.

ಇಷ್ಟು ನಡೆಯುವವರೆಗೂ 'ಸ್ಟ್ಯಾಟಿಸ್ಟಿಕ್ಸ್' ಎಂಬ ಹೆಸರಿಗೂ ಈ ಕೆಲಸಕ್ಕೂ ಗಂಟು ಬಿದ್ದಿರಲಿಲ್ಲ. ಆ ಹೆಸರು ಬೆಳೆದದ್ದು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ. 1660ರ ಸುಮಾರಿನಲ್ಲಿ ಹೆಲ್ಮ್‌ಷ್ಟೆಟ್‌ನಲ್ಲಿ ಹರ್ಮನ್ ಕಾನ್ರಿಂಗ್ ರಾಜ್ಯಗಳ ವರ್ಣನೆಯನ್ನು ಪಾಠ ಹೇಳಲು ಆರಂಭಿಸಿದರು. ಗೋಟಿಂಗೆನ್‌ನಲ್ಲಿ ಗಾಟ್‌ಫ್ರೀಡ್ ಅಖೆನ್‌ವಾಲ್ 1749ರಲ್ಲಿ ಆ ವಿದ್ಯೆಗೆ, ರಾಜ್ಯತಂತ್ರಜ್ಞ ಎಂಬರ್ಥದ ಇಟಾಲಿಯನ್ ಪದದ ಜಾಡಿನಲ್ಲಿ, ಈ ಹೆಸರನ್ನು ನೆಲೆಗೊಳಿಸಿದರು. ಒಂದು ರಾಜ್ಯದ ಭೂಮಿ, ಜನ, ಆಡಳಿತ, ಸೈನ್ಯ, ವ್ಯಾಪಾರ ಹೇಗಿವೆ ಎಂಬ ವಿವರಣೆಯೇ ಅದರ ವಸ್ತು. ಅದರಲ್ಲಿ ಅಂಕಿಗಳು ಕಡಿಮೆ, ಮಾತುಗಳು ಹೆಚ್ಚು. ಮುಂದೆ ಕೆಲವರು ಎಲ್ಲವನ್ನೂ ಕೋಷ್ಟಕಗಳಿಗೆ ಇಳಿಸತೊಡಗಿದಾಗ ಹಳೆಯ ಪಂಥದವರು ಅವರನ್ನು 'ಕೋಷ್ಟಕದ ಗುಲಾಮರು' ಎಂದು ಜರೆದರು. ಆದ್ದರಿಂದ ಅಖೆನ್‌ವಾಲ್ ಅವರನ್ನು ಹೆಸರಿಟ್ಟ ಸೋದರತ್ತೆ ಎನ್ನಬಹುದೇ ಹೊರತು ಪಿತಾಮಹ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಆ ಹೆಸರನ್ನು ಇಂಗ್ಲಿಷಿಗೆ ತಂದು ಜನಪ್ರಿಯಗೊಳಿಸಿದವರು ಸ್ಕಾಟ್ಲೆಂಡಿನ ಜಾನ್ ಸಿಂಕ್ಲೇರ್. ಜರ್ಮನರು ಇದರಿಂದ ರಾಜ್ಯದ ಬಲವನ್ನು ತಿಳಿಯಬಯಸುತ್ತಾರೆ, ತಾನು ತಿಳಿಯಬಯಸುವುದು ಪ್ರಜೆಗಳು ಅನುಭವಿಸುತ್ತಿರುವ ಸುಖದ ಪ್ರಮಾಣವನ್ನು ಮತ್ತು ಅದನ್ನು ಹೆಚ್ಚಿಸುವ ದಾರಿಯನ್ನು ಎಂದು ಅವರು ಸ್ಪಷ್ಟವಾಗಿ ಬರೆದರು. ಊರೂರಿನ ಪಾದ್ರಿಗಳಿಗೆ ನೂರಅರವತ್ತಕ್ಕೂ ಹೆಚ್ಚು ಪ್ರಶ್ನೆಗಳನ್ನು ಕಳುಹಿಸಿ, 938 ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಊರುಗಳ, ವಿವರಗಳನ್ನು 1791ರಿಂದ 1799ರ ನಡುವೆ 21 ಸಂಪುಟಗಳಲ್ಲಿ ಹೊರತಂದರು. ನಮ್ಮ ನಾಡಿಗೂ ಈ ಬಗೆಯ ಬರವಣಿಗೆ ತಡಮಾಡದೆ ಬಂದಿತು. ಟಿಪ್ಪುವಿನ ಪತನದ ನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬೆಳೆ, ನೇಯ್ಗೆ, ಕೂಲಿ, ಧಾರಣೆಗಳನ್ನೆಲ್ಲ ಬರೆದುಕೊಂಡು, 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಇದು ಗೆದ್ದ ನಾಡಿನ ಹುಟ್ಟುವಳಿಯನ್ನು ತಿಳಿಯಲು ಮಾಡಿಸಿದ ಕೆಲಸವೆಂಬುದನ್ನು ಮರೆಯಬಾರದು. ಅಷ್ಟೇ ನಿಜವಾಗಿ, ಇನ್ನೂರು ವರ್ಷಗಳ ಹಿಂದಿನ ನಮ್ಮ ಹಳ್ಳಿಗಳ ಬದುಕಿನ ಬಗ್ಗೆ ಅಷ್ಟು ವಿವರ ಕೊಡುವ ಬರಹಗಳು ಬಹಳ ಇಲ್ಲ.

ನಿಮ್ಮ ಪ್ರಶ್ನೆಯ ಗಣಿತದ ಭಾಗಕ್ಕೆ ಈಗ ಬರುತ್ತೇನೆ. ಗಣಿತ ಈ ಶಾಸ್ತ್ರಕ್ಕೆ ಬಂದದ್ದು ಎರಡು ಬಾಗಿಲುಗಳಿಂದ. ಒಂದು ಜೂಜಿನ ಮೇಜು. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಅರ್ಧಕ್ಕೆ ನಿಂತ ಆಟದ ಪಣವನ್ನು ಹಂಚುವ ಬಗೆಯ ಕುರಿತು ಬರೆದುಕೊಂಡ ಪತ್ರಗಳಿಂದ ಸಂಭವನೀಯತೆಯ ಗಣಿತ ಹೊರಟಿತು. ಯಾಕೋಬ್ ಬರ್ನೂಲಿ ಆ ಪ್ರಶ್ನೆಯನ್ನು ತಲೆಕೆಳಗು ಮಾಡಿದರು. ಪಾತ್ರೆಯಲ್ಲಿ ಬಿಳಿ, ಕಪ್ಪು ಕಲ್ಲುಗಳು ಎಷ್ಟೆಷ್ಟಿವೆ ಎಂದು ಗೊತ್ತಿಲ್ಲದಿದ್ದರೆ, ಒಂದೊಂದಾಗಿ ತೆಗೆದು ನೋಡಿ ವಾಪಸು ಹಾಕುತ್ತಾ ಹೋದರೆ ಎಷ್ಟು ಸಲ ತೆಗೆದ ಮೇಲೆ ಅವುಗಳ ಅನುಪಾತವನ್ನು ಧೈರ್ಯವಾಗಿ ಹೇಳಬಹುದು? ಅವರು ತೀರಿಕೊಂಡ ಮೇಲೆ 1713ರಲ್ಲಿ ಅಚ್ಚಾದ ಗ್ರಂಥದಲ್ಲಿ, ಮೂರಕ್ಕೆ ಎರಡರ ಅನುಪಾತದ ಒಂದು ಉದಾಹರಣೆಗೆ ಸಿಕ್ಕ ಉತ್ತರ 25,550 ಸಲ. ಅಷ್ಟು ದೊಡ್ಡ ಸಂಖ್ಯೆ ಯಾರಿಗೂ ಉಪಯೋಗಕ್ಕೆ ಬರುವಂತಿರಲಿಲ್ಲ. 1733ರಲ್ಲಿ ಡಿ ಮ್ವಾವ್ರ್, ಇಂದು ಗಂಟೆಯಾಕಾರದ ರೇಖೆ ಎಂದು ಎಲ್ಲರೂ ಬಲ್ಲ ಸೂತ್ರವನ್ನು ಕಂಡುಹಿಡಿದ ಮೇಲೆ ಲೆಕ್ಕ ಬಹಳ ನಿಖರವಾಯಿತು.

ಇನ್ನೊಂದು ಬಾಗಿಲು ಖಗೋಳ ವೀಕ್ಷಣಾಲಯ. ಒಂದೇ ಗ್ರಹವನ್ನು ಹತ್ತು ಸಲ ಅಳೆದರೆ ಹತ್ತು ಅಳತೆ ಬರುತ್ತದೆ, ಯಾವುದನ್ನು ನಂಬಬೇಕು? 1749ರಲ್ಲಿ ಆಯ್ಲರ್‌ನಂಥ ಮಹಾ ಗಣಿತಜ್ಞರು ಗುರು ಮತ್ತು ಶನಿಗಳ ಚಲನೆಯ ವಿಚಾರದಲ್ಲಿ ಹಲವು ಅಳತೆಗಳನ್ನು ಕೂಡಿಸಲು ಹಿಂಜರಿದರು. ಕೂಡಿಸಿದರೆ ತಪ್ಪುಗಳೂ ಕೂಡಿ ಬೆಳೆಯುತ್ತವೆ ಎಂಬುದು ಅವರ ಭಯ. ಮರುವರ್ಷವೇ ಟೋಬಿಯಾಸ್ ಮೇಯರ್ ಎಂಬ ತರುಣ ಖಗೋಳಜ್ಞರು ಚಂದ್ರನ ಮೇಲಿನ ಒಂದು ಕುಳಿಯನ್ನು ಕುರಿತ ತಮ್ಮದೇ 27 ವೀಕ್ಷಣೆಗಳನ್ನು ಒಂಬತ್ತೊಂಬತ್ತರ ಮೂರು ಗುಂಪು ಮಾಡಿ, ಗುಂಪಿನೊಳಗೆ ಕೂಡಿಸಿ, ಮೂರು ಸಮೀಕರಣಗಳಿಗೆ ಇಳಿಸಿ ಬಿಡಿಸಿದರು. ಕೂಡಿಸುವಾಗ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ ಎಂಬುದು ದುರ್ಬೀನಿನ ಮುಂದೆ ರಾತ್ರಿಗಳನ್ನು ಕಳೆದ ಅವರಿಗೆ ಅನುಭವದಿಂದ ಗೊತ್ತಿತ್ತು. ನನ್ನನ್ನು ಬಹಳವಾಗಿ ಸೆಳೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಈ ಮೇಯರ್ 1751ರಲ್ಲಿ ಪ್ರಾಧ್ಯಾಪಕರಾಗಿ ಹೋದದ್ದು ಗೋಟಿಂಗೆನ್‌ಗೆ, ಅಂದರೆ ಅಖೆನ್‌ವಾಲ್ ಪಾಠ ಹೇಳುತ್ತಿದ್ದ ವಿಶ್ವವಿದ್ಯಾಲಯಕ್ಕೆ. ಶಾಸ್ತ್ರದ ಹೆಸರೂ ಶಾಸ್ತ್ರದ ವಿಧಾನವೂ ಒಂದೇ ಊರಿನಲ್ಲಿದ್ದವು, ಆದರೆ ಅವೆರಡೂ ಒಂದೇ ವಿದ್ಯೆಗೆ ಸೇರಿದವು ಎಂದು ಆಗ ಯಾರಿಗೂ ಹೊಳೆದಿರಲು ಸಾಧ್ಯವಿಲ್ಲ.

ಮೇಯರ್ ಅವರ ಯುಕ್ತಿಯನ್ನು ಪೂರ್ಣ ಶಾಸ್ತ್ರೀಯವಾಗಿಸಿದ್ದು, ಅಳತೆಗಳಲ್ಲಿ ಉಳಿಯುವ ತಪ್ಪುಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆಯಾಗುವಂತೆ ಉತ್ತರವನ್ನು ಆರಿಸುವ ಕನಿಷ್ಠ ವರ್ಗಗಳ ವಿಧಾನ. 1801ರ ಜನವರಿ 1ರಂದು ಪಿಯಾಟ್ಸಿ ಕಂಡ ಸೆರೀಸ್ ಎಂಬ ಕ್ಷುದ್ರಗ್ರಹ ನಲವತ್ತು ದಿನಗಳ ಬಳಿಕ ಸೂರ್ಯನ ಪ್ರಭೆಯಲ್ಲಿ ಮರೆಯಾಗಿತ್ತು. 24 ವರ್ಷದ ಗೌಸ್ ಆ ಅಲ್ಪ ದಾಖಲೆಯಿಂದಲೇ ಅದು ಮತ್ತೆ ಎಲ್ಲಿ ಕಾಣಬೇಕೆಂದು ಲೆಕ್ಕಹಾಕಿದರು. ವರ್ಷದ ಕೊನೆಗೆ ಅದು ಅಲ್ಲೇ ಸಿಕ್ಕಿತು. ವಿಧಾನವನ್ನು ಮೊದಲು ಪ್ರಕಟಿಸಿದವರು 1805ರಲ್ಲಿ ಲೆಜಾಂಡ್ರ್. ತಾನು ಮುಂಚಿನಿಂದಲೇ ಬಳಸುತ್ತಿದ್ದೆನೆಂದು ಗೌಸ್ 1809ರಲ್ಲಿ ಬರೆದುದು ಇಬ್ಬರ ನಡುವೆ ಕಹಿಗೆ ಕಾರಣವಾಯಿತು.

ಹುಟ್ಟುಸಾವಿನ ಪಟ್ಟಿ, ರಾಜ್ಯದ ವರ್ಣನೆ, ಗಣಿತ ಈ ಮೂರನ್ನೂ ಒಂದೇ ಮೇಜಿಗೆ ತಂದವರು ಬೆಲ್ಜಿಯಂನ ಖಗೋಳಜ್ಞ ಅಡಾಲ್ಫ್ ಕೆಟ್ಲೆ. ವೀಕ್ಷಣೆಯ ತಪ್ಪುಗಳಿಗೆ ಅನ್ವಯಿಸುತ್ತಿದ್ದ ಆ ಗಂಟೆಯಾಕಾರದ ರೇಖೆಯನ್ನು ಅವರು ಮನುಷ್ಯರಿಗೆ ಅನ್ವಯಿಸಿದರು. 5,738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಗಳು, ಒಬ್ಬನೇ ಸೈನಿಕನನ್ನು ಅಷ್ಟು ಸಲ ಅಳೆದಂತೆ, ಸುಮಾರು 40 ಅಂಗುಲದ ಆಚೀಚೆ ಅದೇ ಗಂಟೆಯ ಆಕಾರದಲ್ಲಿ ಹರಡಿದ್ದವು. 1835ರಲ್ಲೇ 'ಸರಾಸರಿ ಮನುಷ್ಯ'ನ ಕಲ್ಪನೆಯನ್ನು ಮುಂದಿಟ್ಟಿದ್ದ ಕೆಟ್ಲೆ ಅವರಿಗೆ, ಆ ಸರಾಸರಿಯೇ ಪ್ರಕೃತಿಯ ಉದ್ದೇಶ, ಅದರಿಂದ ಸರಿದದ್ದೆಲ್ಲ ಪ್ರಕೃತಿಯ ಕೈತಪ್ಪು ಎನ್ನಿಸಿತು. ಅವರ ಪ್ರೇರಣೆಯೂ ಸೇರಿ 1834ರಲ್ಲಿ ಲಂಡನ್ನಿನಲ್ಲಿ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಸ್ಥಾಪನೆಯಾಯಿತು. ಅದರ ಲಾಂಛನ ಗೋಧಿಯ ಸಿವುಡು. ಧ್ಯೇಯವಾಕ್ಯದ ಅರ್ಥ 'ಒಕ್ಕಣೆ ಬೇರೆಯವರು ಮಾಡಲಿ' ಎಂದು. ತಾವು ಸಂಗತಿಗಳನ್ನು ಕೊಯ್ದು ಸಿವುಡು ಕಟ್ಟಿ ಕೊಡುತ್ತೇವೆ, ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸುವ ಗೊಡವೆ ನಮಗೆ ಬೇಡ ಎಂಬ ನಿಲುವದು. ಕಣದಲ್ಲಿ ಕೆಲಸ ನೋಡಿದ ಯಾರಿಗಾದರೂ ಗೊತ್ತು, ಒಕ್ಕದ ತೆನೆಯಿಂದ ಅಂಬಲಿಯೂ ಆಗುವುದಿಲ್ಲ. 1858ರಲ್ಲಿ ಆ ಸೊಸೈಟಿಯ ಮೊದಲ ಮಹಿಳಾ ಸದಸ್ಯೆಯಾದ ಫ್ಲಾರೆನ್ಸ್ ನೈಟಿಂಗೇಲ್, ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಗಟ್ಟಬಹುದಾಗಿದ್ದ ರೋಗಗಳಿಂದ ಸತ್ತರೆಂದು ಬಣ್ಣದ ಚಿತ್ರಗಳಲ್ಲಿ ತೋರಿಸಿದಾಗ ಒಕ್ಕಣೆಯನ್ನು ತಾವೇ ಮಾಡಿದ್ದರು. ಆ ಧ್ಯೇಯವಾಕ್ಯವನ್ನು ಮುಂದೆ ಕೈಬಿಟ್ಟರು, ಸಿವುಡು ಉಳಿಯಿತು.

ಕೆಟ್ಲೆ ತಪ್ಪೆಂದು ಭಾವಿಸಿದ್ದ ವ್ಯತ್ಯಾಸವನ್ನೇ ಅಧ್ಯಯನದ ವಸ್ತುವಾಗಿಸಿದವರು ಫ್ರಾನ್ಸಿಸ್ ಗಾಲ್ಟನ್. 205 ದಂಪತಿಗಳ ಮತ್ತು ಅವರ 928 ಬೆಳೆದ ಮಕ್ಕಳ ಎತ್ತರಗಳನ್ನು ಹೋಲಿಸಿ, ಬಹಳ ಎತ್ತರದವರ ಮಕ್ಕಳು ಎತ್ತರವಾಗಿಯೇ ಇದ್ದರೂ ಸರಾಸರಿಯ ಕಡೆಗೆ ಸ್ವಲ್ಪ ಹಿಂದಿರುಗುತ್ತಾರೆ ಎಂದು 1886ರಲ್ಲಿ ತೋರಿಸಿದರು. ಹಿಂಚಲನೆ, ಸಹಸಂಬಂಧ ಎಂಬ ಅಧ್ಯಾಯಗಳು ನಿಮ್ಮ ಮಗಳ ಪುಸ್ತಕಕ್ಕೆ ಬಂದದ್ದು ಇಲ್ಲಿಂದ. ಕಾರ್ಲ್ ಪಿಯರ್ಸನ್ ಅದಕ್ಕೆ ಗಣಿತದ ಚೌಕಟ್ಟು ಕೊಟ್ಟು, 1900ರಲ್ಲಿ, ಕಂಡ ಎಣಿಕೆ ನಮ್ಮ ಊಹೆಗೆ ಹೊಂದುತ್ತದೆಯೇ ಎಂದು ನೋಡುವ ಕೈ-ವರ್ಗ ಪರೀಕ್ಷೆಯನ್ನು ರೂಪಿಸಿ, 1911ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಈ ವಿಷಯಕ್ಕೆಂದೇ ವಿಶ್ವವಿದ್ಯಾಲಯ ಮಟ್ಟದ ಮೊದಲ ವಿಭಾಗವನ್ನು ತೆರೆದರು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ, ಕೆಲವೇ ಅಳತೆಗಳಿರುವ ಸಣ್ಣ ಮಾದರಿಗಳ ಸಮಸ್ಯೆಯನ್ನು ಬಿಡಿಸಿದರು. 1919ರಲ್ಲಿ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ ಆರ್. ಎ. ಫಿಷರ್, ಅಲ್ಲಿ 1843ರಿಂದ ರಾಶಿ ಬಿದ್ದಿದ್ದ ಬೆಳೆ ದಾಖಲೆಗಳ ನಡುವೆ ಕುಳಿತು, ಪ್ರಯೋಗವನ್ನು ಮುಗಿಸಿದ ಮೇಲೆ ಲೆಕ್ಕ ಹಾಕುವುದಕ್ಕಿಂತ, ಯಾವ ಗೊಬ್ಬರ ಯಾವ ತುಂಡು ಹೊಲಕ್ಕೆ ಎಂಬುದನ್ನು ಚೀಟಿ ಎತ್ತಿದಂತೆ ಮೊದಲೇ ನಿರ್ಧರಿಸಬೇಕೆಂದು ಕಲಿಸಿದರು. ಆಧುನಿಕ ವಿಧಾನಗಳ ಜನಕ ಎಂಬ ಬಿರುದು ಅವರಿಗೆ ಸಲ್ಲುತ್ತದೆ. ಇದರ ಜೊತೆಗೆ ನಿಮ್ಮ ಮಗಳಿಗೆ ತಿಳಿದಿರಬೇಕಾದ ಇನ್ನೊಂದು ಮಾತಿದೆ. ಗಾಲ್ಟನ್, ಪಿಯರ್ಸನ್, ಫಿಷರ್ ಮೂವರೂ, ಉತ್ತಮರು ಅಧಮರೆಂದು ಮನುಷ್ಯರನ್ನು ವಿಂಗಡಿಸಿ ಸಂತಾನವನ್ನು ನಿಯಂತ್ರಿಸಬೇಕೆನ್ನುವ ಯೂಜೆನಿಕ್ಸ್ ಚಳವಳಿಯ ಬೆಂಬಲಿಗರಾಗಿದ್ದರು. ಆ ಕಾಲೇಜು 2020ರಲ್ಲಿ ಗಾಲ್ಟನ್ ಮತ್ತು ಪಿಯರ್ಸನ್ ಹೆಸರುಗಳನ್ನು ತನ್ನ ಕಟ್ಟಡಗಳಿಂದ ತೆಗೆಯಿತು. ಅವರ ಸೂತ್ರಗಳು ಸರಿ. ಅವುಗಳಿಂದ ಅವರು ಮಾಡಹೊರಟದ್ದು ಸರಿಯಲ್ಲ.

ಭಾರತಕ್ಕೆ ಈ ಆಧುನಿಕ ಶಾಸ್ತ್ರ ಬಂದದ್ದು ಹಡಗಿನಲ್ಲಿ. 1915ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಭೌತವಿಜ್ಞಾನ ಮುಗಿಸಿ ಹೊರಟಿದ್ದ ಪ್ರಶಾಂತಚಂದ್ರ ಮಹಲನೋಬಿಸ್ ಅವರಿಗೆ, ಯುದ್ಧದಿಂದಾಗಿ ಪ್ರಯಾಣ ತಡವಾದಾಗ, ಗುರುಗಳೊಬ್ಬರು ಪಿಯರ್ಸನ್ ಅವರ 'ಬಯೊಮೆಟ್ರಿಕಾ' ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಅವರು ಅವನ್ನು ಕೊಂಡು, ದಾರಿಯುದ್ದಕ್ಕೂ ಓದುತ್ತಾ ಬಂದರು. 1931ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ ಅವರು 1933ರಲ್ಲಿ ಆರಂಭಿಸಿದ ಪತ್ರಿಕೆಗೆ 'ಸಾಂಖ್ಯ' ಎಂದು ಹೆಸರಿಟ್ಟರು. ಆ ಸಂಸ್ಕೃತ ಪದದಲ್ಲಿ ಎಣಿಕೆ, ವಿವೇಚನೆಯಿಂದ ಬರುವ ಜ್ಞಾನ ಎರಡೂ ಅಡಗಿವೆ. 1941ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಈ ವಿಷಯದಲ್ಲಿ ಎಂ.ಎ. ತರಗತಿ ತೆರೆದಾಗ ಮೊದಲ ತಂಡದಲ್ಲಿದ್ದವರು, 1920ರಲ್ಲಿ ನಮ್ಮ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಬರ್ನೂಲಿ ಕೇಳಿದ ಪ್ರಶ್ನೆಯ ಮುಂದಿನ ಪ್ರಶ್ನೆಯನ್ನು ಅವರು ಕೇಳಿದರು: ಇಷ್ಟೇ ವೀಕ್ಷಣೆಗಳು ಕೈಯಲ್ಲಿದ್ದರೆ, ಎಷ್ಟೇ ಜಾಣತನದಿಂದ ಅಂದಾಜು ಮಾಡಿದರೂ ಉಳಿದೇ ಉಳಿಯುವ ತಪ್ಪು ಕನಿಷ್ಠ ಎಷ್ಟು? 1945ರಲ್ಲಿ, 25ರ ಹರೆಯದಲ್ಲಿ, ಕಲ್ಕತ್ತೆಯ ಗಣಿತ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅವರ ಉತ್ತರವನ್ನು ಇಂದು ಕ್ರಾಮರ್-ರಾವ್ ಮಿತಿ ಎಂದು ಪದವಿ ತರಗತಿಗಳಲ್ಲಿ ಕಲಿಸುತ್ತಾರೆ. ನಿಮ್ಮ ಮಗಳು ಈ ವಿಷಯವನ್ನು ಮುಂದುವರಿಸಿದರೆ ಮೂರು ವರ್ಷದೊಳಗೆ ಅದರ ಸಾಧನೆಯನ್ನು, ಎಂದರೆ ಅದು ಸರಿಯೆಂದು ತೋರಿಸುವ ಗಣಿತವನ್ನು, ತಾನೇ ಬರೆಯುತ್ತಾಳೆ.